‘ಅಂತೆ’ ಎಂಬ ಎರಡಕ್ಷರ: ಗಾಳಿಸುದ್ದಿಯ ಒಂದು ಚರಿತ್ರೆ



ಕನ್ನಡದಲ್ಲಿ ‘ಅಂತೆ’ ಎಂಬ ಒಂದು ಪುಟ್ಟ ಪದವಿದೆ. “ಊರಲ್ಲಿ ಮಳೆ ಬಂತು” ಎಂದರೆ ಹೇಳುವವನು ಆ ಮಳೆಯಲ್ಲಿ ನೆನೆದಿದ್ದಾನೆ, ಇಲ್ಲವೇ ಕಿಟಕಿಯಿಂದಲಾದರೂ ಕಂಡಿದ್ದಾನೆ. “ಊರಲ್ಲಿ ಮಳೆ ಬಂತಂತೆ” ಎಂದರೆ ಅವನು ಕಂಡಿಲ್ಲ, ಇನ್ನೊಬ್ಬರ ಬಾಯಿಂದ ಕೇಳಿದ್ದಾನೆ. ಸುದ್ದಿ ಹೇಳುವಾಗಲೇ “ಇದು ನನ್ನ ಕಣ್ಣಿನ ಸಾಕ್ಷಿಯಲ್ಲ” ಎಂದು ಎರಡೇ ಅಕ್ಷರದಲ್ಲಿ ತಿಳಿಸಿಬಿಡುವ ಸೌಲಭ್ಯ ನಮ್ಮ ಭಾಷೆಗಿದೆ. ಇಂಗ್ಲಿಷಿನವರಿಗೆ ಇದಕ್ಕೆ ಬೇರೊಂದು ಪದವೋ ವಾಕ್ಯವೋ ಬೇಕಾಗುತ್ತದೆ. ಅಂತೆ-ಕಂತೆಗಳ ಸಂತೆ ಎಂದು ನಮ್ಮ ಹಿರಿಯರು ಗೇಲಿ ಮಾಡುತ್ತಿದ್ದರೂ, ಸಂತೆಯ ಮಾಲಿಗೆ ಅದರದೇ ಚೀಟಿ ಅಂಟಿಸಿಯೇ ಮಾರುತ್ತಿದ್ದರು ಎಂಬುದನ್ನು ಮರೆಯಬಾರದು.

ಈಗ ಎಲ್ಲೆಲ್ಲೂ ‘ಮಾಧ್ಯಮ ಸಾಕ್ಷರತೆ’ ಎಂಬ ಮಾತು ಕೇಳಿಬರುತ್ತಿದೆ. ಓದಲು ಬರೆಯಲು ಬಂದರೆ ಸಾಲದು, ಓದಿದ್ದನ್ನು, ಕಂಡದ್ದನ್ನು, ಕೇಳಿದ್ದನ್ನು ತೂಗಿ ನೋಡಲೂ ಬರಬೇಕು ಎಂಬುದು ಇದರ ಅರ್ಥ. ಯುನೆಸ್ಕೋದ ಆಶ್ರಯದಲ್ಲಿ 1982ರಲ್ಲಿ ಜರ್ಮನಿಯ ಗ್ರೂನ್‌ವಾಲ್ಡ್‌ನಲ್ಲಿ ಸೇರಿದ ಶಿಕ್ಷಣತಜ್ಞರು ಇದನ್ನು ಶಾಲೆಗಳಲ್ಲಿ ಕಲಿಸಬೇಕೆಂದು ಘೋಷಣೆ ಹೊರಡಿಸಿದರು. ಆದರೆ ಇದರ ಅಗತ್ಯ ಕಂಪ್ಯೂಟರಿನೊಂದಿಗೆ ಹುಟ್ಟಿದ್ದಲ್ಲ. ಚರಿತ್ರೆಯ ಪುಟಗಳನ್ನು ತಿರುವಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಹೊಸ ಮಾಧ್ಯಮವೊಂದು ಬಂದಾಗಲೆಲ್ಲ ಸುದ್ದಿಯ ಬಾಲದಲ್ಲಿದ್ದ ಈ ‘ಅಂತೆ’ ಉದುರಿಹೋಗಿದೆ. ಅದನ್ನು ಹುಡುಕಿ ಮತ್ತೆ ಜೋಡಿಸುವ ಕೆಲಸ ಓದುಗರ ಪಾಲಿಗೆ ಬಿದ್ದಿದೆ. ಈ ಲೇಖನದಲ್ಲಿ ನಾವು ಆ ಚರಿತ್ರೆಯನ್ನು ಸ್ಥೂಲವಾಗಿ ನೋಡೋಣ.

ಅಚ್ಚಿನ ಅಧಿಕಾರ

ಮೊದಲು ನಾವು ಬಂದು ನೆಲೆಸಿರುವ ಈ ಅಮೆರಿಕದಿಂದಲೇ ಆರಂಭಿಸೋಣ. 1833ರಲ್ಲಿ ನ್ಯೂಯಾರ್ಕಿನಲ್ಲಿ ‘ಸನ್’ ಎಂಬ ಪತ್ರಿಕೆ ಒಂದು ಸೆಂಟಿನ ಬೆಲೆಗೆ ಹೊರಟಿತು. ಅಷ್ಟು ಅಗ್ಗದಲ್ಲಿ ಮಾರಿದರೆ ಕಾಗದದ ಖರ್ಚು ಹುಟ್ಟುವುದೇ ಕಷ್ಟ. ಲಾಭವೆಲ್ಲ ಜಾಹೀರಾತಿನಿಂದ ಬರಬೇಕು, ಜಾಹೀರಾತು ಬರಬೇಕಾದರೆ ಓದುಗರ ಸಂಖ್ಯೆ ಏರಬೇಕು. ಇದೇ ಪತ್ರಿಕೆ 1835ರ ಆಗಸ್ಟ್ 25ರಿಂದ ಆರು ಕಂತುಗಳಲ್ಲಿ ಒಂದು ಅದ್ಭುತ ವರದಿ ಪ್ರಕಟಿಸಿತು. ಖಗೋಳ ವಿಜ್ಞಾನಿ ಸರ್ ಜಾನ್ ಹರ್ಶೆಲ್ ದಕ್ಷಿಣ ಆಫ್ರಿಕದಲ್ಲಿ ಹೂಡಿದ ದೊಡ್ಡ ದೂರದರ್ಶಕದಿಂದ ಚಂದ್ರನ ಮೇಲೆ ಕಾಡು, ಪ್ರಾಣಿಗಳು, ಬಾವಲಿಯಂತೆ ರೆಕ್ಕೆಯುಳ್ಳ ಮನುಷ್ಯರು ಇರುವುದನ್ನು ಕಂಡಿದ್ದಾರೆ ಎಂಬುದು ಅದರ ಸಾರಾಂಶ!

ಹರ್ಶೆಲ್ ಅವರೂ ನಿಜ, ಅವರು ಆಗ ದಕ್ಷಿಣ ಆಫ್ರಿಕದಲ್ಲಿದ್ದುದೂ ನಿಜ. ಮಿಕ್ಕಿದ್ದೆಲ್ಲ ಕಟ್ಟುಕಥೆ. ಸುದ್ದಿಗೆ ಆಧಾರವೆಂದು ಪತ್ರಿಕೆ ಹೆಸರಿಸಿದ್ದು ಎಡಿನ್‌ಬರೋದ ಒಂದು ವಿಜ್ಞಾನ ಪತ್ರಿಕೆಯನ್ನು. ಆ ಪತ್ರಿಕೆ ಆ ಹೊತ್ತಿಗಾಗಲೇ ನಿಂತುಹೋಗಿತ್ತು! ಹರ್ಶೆಲ್ ಅವರನ್ನು ಕೇಳೋಣವೆಂದರೆ ಅವರು ಹಡಗಿನಲ್ಲಿ ಅನೇಕ ವಾರಗಳಷ್ಟು ದೂರದಲ್ಲಿದ್ದರು. ಅರ್ಧ ಸತ್ಯದ ಗೋಡೆಗೆ ಸುಳ್ಳಿನ ಸುಣ್ಣ ಬಳಿಯುವ ಈ ಉಪಾಯ ಇಂದಿಗೂ ಬದಲಾಗಿಲ್ಲ. ಬಾಯಿಮಾತಿನಲ್ಲಾದರೆ “ಚಂದ್ರನ ಮೇಲೆ ಜನರಿದ್ದಾರಂತೆ” ಎಂದಾಗುತ್ತಿತ್ತು. ಅಚ್ಚಿನಲ್ಲಿ “ಇದ್ದಾರೆ” ಎಂದಾಯಿತು.

ಇದಾದ ಎಂಟು ವರ್ಷಕ್ಕೆ, 1843ರ ಜುಲೈ 1ರಂದು, ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಂದಿತು. ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಅವರು ಕಲ್ಲಚ್ಚಿನಲ್ಲಿ ಮುದ್ರಿಸಿ ಹದಿನೈದು ದಿನಕ್ಕೊಮ್ಮೆ ಹೊರಡಿಸಿದ ಪತ್ರಿಕೆ ಅದು. ಮರುವರ್ಷ ಅದು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ಜುಲೈ 1ನ್ನು ಕರ್ನಾಟಕದಲ್ಲಿ ಪತ್ರಿಕಾ ದಿನವೆಂದು ಆಚರಿಸುವುದು ಇದರ ನೆನಪಿಗಾಗಿಯೇ. ಮೊಗ್ಲಿಂಗ್ ಅವರಿಗೆ ಕನ್ನಡಿಗರು ಋಣಿಗಳು, ಸಂದೇಹವಿಲ್ಲ. ಆದರೆ ಆ ಪತ್ರಿಕೆಯ ಹಿಂದೆ ಒಂದು ಮತಪ್ರಚಾರಕ ಸಂಸ್ಥೆಯಿತ್ತು, ಅದಕ್ಕೆ ಅದರದೇ ಆದ ಉದ್ದೇಶವಿತ್ತು ಎಂಬುದೂ ಅಷ್ಟೇ ಸತ್ಯ. ಉಪಕಾರ ಸ್ಮರಣೆಯೂ ಬೇಕು, ವಿವೇಚನೆಯೂ ಬೇಕು. ಯಾರು ಅಚ್ಚು ಹಾಕಿಸಿದರು, ಏಕೆ ಹಾಕಿಸಿದರು, ಹಣ ಯಾರದು ಎಂಬ ಪ್ರಶ್ನೆಗಳನ್ನು ಒಳ್ಳೆಯ ಪತ್ರಿಕೆಗೂ ಕೇಳಬೇಕು. ಕೇಳುವುದು ಅಗೌರವವಲ್ಲ.

ಅಕ್ಷರವಿಲ್ಲದ ಸಂದೇಶ

ಅಚ್ಚಿನ ಹಂಗಿಲ್ಲದೆಯೂ ಸುದ್ದಿ ಹೇಗೆ ಹಬ್ಬಬಲ್ಲದು ಎಂಬುದಕ್ಕೆ 1857ರಷ್ಟು ದೊಡ್ಡ ಉದಾಹರಣೆ ಬೇರೊಂದಿಲ್ಲ. ಆ ವರ್ಷದ ಮೊದಲ ತಿಂಗಳುಗಳಲ್ಲಿ ಉತ್ತರ ಭಾರತದ ಹಳ್ಳಿಹಳ್ಳಿಗಳಲ್ಲಿ ಚಪಾತಿಗಳು ಕೈಯಿಂದ ಕೈಗೆ ಓಡಾಡತೊಡಗಿದವು. ಒಂದೂರಿನ ಚೌಕಿದಾರ ರಾತ್ರಿ ಬಂದು ಪಕ್ಕದೂರಿನ ಚೌಕಿದಾರನಿಗೆ ಚಪಾತಿ ಕೊಡುವುದು, ಇನ್ನಷ್ಟು ಮಾಡಿ ಮುಂದಿನ ಊರುಗಳಿಗೆ ತಲುಪಿಸೆಂದು ಹೇಳುವುದು, ಇಷ್ಟೇ. ಆ ಕಾಲದ ಒಂದು ಪತ್ರಿಕಾ ವರದಿಯ ಪ್ರಕಾರ, ಎರಡು ಚಪಾತಿ ಪಡೆದವನು ಹತ್ತು ಮಾಡಿ, ಹತ್ತಿರದ ಐದು ಮಂದಿ ಚೌಕಿದಾರರಿಗೆ ಎರಡೆರಡರಂತೆ ಹಂಚಬೇಕಿತ್ತು.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡೋಣ. ಒಬ್ಬ ಐವರಿಗೆ, ಆ ಐವರು ತಲಾ ಐವರಿಗೆ ಎಂದು ಹೋದರೆ ಐದನೆಯ ಸುತ್ತಿಗೆ 3,125 ಮಂದಿ, ಎಂಟನೆಯ ಸುತ್ತಿಗೆ 3,90,625 ಮಂದಿ! ಟೆಲಿಗ್ರಾಫ್ ಹೊಂದಿದ್ದ ಆಂಗ್ಲ ಅಧಿಕಾರಿಗಳು ಚಪಾತಿಯ ವೇಗ ಕಂಡು ಬೆಚ್ಚಿದುದರಲ್ಲಿ ಆಶ್ಚರ್ಯವೇನಿಲ್ಲ. ಇನ್ನೂ ವಿಚಿತ್ರವೆಂದರೆ, ಆ ಚಪಾತಿಯ ಅರ್ಥವೇನೆಂದು ಹಂಚಿದವರಲ್ಲೇ ಅನೇಕರಿಗೆ ಗೊತ್ತಿರಲಿಲ್ಲ. ಒಬ್ಬರು ರೋಗ ಓಡಿಸಲು ಎಂದರು, ಇನ್ನೊಬ್ಬರು ಸರ್ಕಾರದ್ದೇ ಹುಕುಂ ಎಂದರು. ಇತಿಹಾಸಕಾರರು ಇಂದಿಗೂ ಒಮ್ಮತಕ್ಕೆ ಬಂದಿಲ್ಲ. ಅರ್ಥ ತಿಳಿಯದೆಯೂ ಮುಂದಕ್ಕೆ ದಾಟಿಸುವುದು, ದಾಟಿಸದಿದ್ದರೆ ಕೇಡಾದೀತೆಂದು ಅಂಜುವುದು, ಇದು ಮನುಷ್ಯ ಸ್ವಭಾವವೆಂದು ಕಾಣುತ್ತದೆ. ತಿರುಪತಿ ತಿಮ್ಮಪ್ಪನ ಹೆಸರಿನಲ್ಲಿ “ಇದನ್ನು ಇಪ್ಪತ್ತೊಂದು ಮಂದಿಗೆ ಬರೆದು ಕಳಿಸಿ” ಎಂದು ಬರುತ್ತಿದ್ದ ಪೋಸ್ಟ್ ಕಾರ್ಡುಗಳನ್ನು ನಮ್ಮ ಪೀಳಿಗೆಯವರು ಮರೆತಿರಲಾರರು.

ಕಾಡತೂಸಿಗೆ ಹಸು-ಹಂದಿಯ ಕೊಬ್ಬು ಸವರಿದ್ದಾರೆ, ಹಿಟ್ಟಿಗೆ ಮೂಳೆಪುಡಿ ಬೆರೆಸಿದ್ದಾರೆ ಎಂಬ ಮಾತುಗಳೂ ಅದೇ ಗಾಳಿಯಲ್ಲಿ ಬಂದವು. ಈ ಮಾತುಗಳು ಬೇರೂರಲು ಕಂಪನಿ ಸರ್ಕಾರದ ಮೇಲೆ ಜನರಿಗಿದ್ದ ಆಳವಾದ ಅಪನಂಬಿಕೆಯೇ ಕಾರಣ. ಗಾಳಿಸುದ್ದಿ ಬರಿನೆಲದಲ್ಲಿ ಬೆಳೆಯುವುದಿಲ್ಲ, ಭಯ ಮತ್ತು ಅನ್ಯಾಯದ ಗೊಬ್ಬರ ಬಿದ್ದ ನೆಲದಲ್ಲಿ ಬೆಳೆಯುತ್ತದೆ. ಲಾರ್ಡ್ ಕ್ಯಾನಿಂಗ್ 1857ರ ಜೂನ್‌ನಲ್ಲಿ ಪತ್ರಿಕೆಗಳ ಬಾಯಿ ಕಟ್ಟುವ ಕಾನೂನು ತಂದರು. ಮುಂದೆ 1878ರಲ್ಲಿ ಲಾರ್ಡ್ ಲಿಟ್ಟನ್ ದೇಶಭಾಷಾ ಪತ್ರಿಕೆಗಳ ಮೇಲೆ ಇನ್ನೊಂದು ಕಾನೂನು ಹೇರಿದರು, 1882ರಲ್ಲಿ ಲಾರ್ಡ್ ರಿಪನ್ ಅದನ್ನು ಹಿಂತೆಗೆದುಕೊಂಡರು. ಪತ್ರಿಕೆಯ ಬಾಯಿ ಕಟ್ಟಿದರೆ ಸುಳ್ಳು ನಿಲ್ಲುವುದಿಲ್ಲ, ಸುಳ್ಳನ್ನು ಸುಳ್ಳೆಂದು ಹೇಳುವವರ ಬಾಯಿಯೇ ಕಟ್ಟಿಹೋಗುತ್ತದೆ. 1975-77ರ ತುರ್ತು ಪರಿಸ್ಥಿತಿಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದುದರಿಂದ ಗಾಳಿಸುದ್ದಿಗೆ ಮದ್ದು ಕಾನೂನಿನಲ್ಲಿರುವುದಕ್ಕಿಂತ ಹೆಚ್ಚಾಗಿ ಓದುಗನ ತಲೆಯಲ್ಲಿದೆ ಎಂದರೆ ತಪ್ಪಾಗಲಾರದು.

ರೇಡಿಯೋ ನಾಟಕ, ಪತ್ರಿಕೆಯ ನಾಟಕ

ಮುಂದೆ ಬಂದದ್ದು ರೇಡಿಯೋ. 1938ರ ಅಕ್ಟೋಬರ್ 30, ಭಾನುವಾರ ರಾತ್ರಿ ಆರ್ಸನ್ ವೆಲ್ಸ್ ಅವರು ಸಿ.ಬಿ.ಎಸ್. ಬಾನುಲಿಯಲ್ಲಿ ಎಚ್.ಜಿ. ವೆಲ್ಸ್ ಅವರ ಕಾದಂಬರಿ ಆಧರಿಸಿದ ನಾಟಕವನ್ನು ಸುದ್ದಿ ಪ್ರಸಾರದ ಧಾಟಿಯಲ್ಲಿ ಪ್ರಸಾರ ಮಾಡಿದರು. ಮಂಗಳಗ್ರಹದವರು ನ್ಯೂಜೆರ್ಸಿಯಲ್ಲಿ ಇಳಿದಿದ್ದಾರೆಂಬ ಕಥೆ. ಅಮೆರಿಕವೇ ಗಾಬರಿಬಿದ್ದು ಬೀದಿಗೆ ಓಡಿಬಂತು ಎಂದು ಮಾರನೆಯ ದಿನ ಪತ್ರಿಕೆಗಳು ಮುಖಪುಟದಲ್ಲಿ ಬರೆದವು. ಈ ಕಥೆಯನ್ನು ಇಲ್ಲಿನ ಶಾಲೆಗಳಲ್ಲಿ ನಮ್ಮ ಮಕ್ಕಳೂ ಕೇಳಿ ಬಂದಿರುತ್ತಾರೆ.

ಆದರೆ ಸ್ವಾರಸ್ಯವಿರುವುದು ಮುಂದೆ. ಆ ರಾತ್ರಿ ನಡೆದಿದ್ದ ಶ್ರೋತೃ ಸಮೀಕ್ಷೆಯಲ್ಲಿ ಆ ನಾಟಕ ಕೇಳುತ್ತಿದ್ದೇವೆ ಎಂದವರು ನೂರಕ್ಕೆ ಇಬ್ಬರು ಮಾತ್ರ. ಕೆಲವರು ಹೆದರಿದ್ದು ಹೌದು, ಪೊಲೀಸ್ ಠಾಣೆಗಳಿಗೆ ಫೋನು ಮಾಡಿದ್ದೂ ಹೌದು. ದೇಶವೇ ಓಡಿತೆಂಬುದು ಮಾತ್ರ ಪತ್ರಿಕೆಗಳ ಉತ್ಪ್ರೇಕ್ಷೆ ಎಂದು ನಂತರದ ಇತಿಹಾಸಕಾರರು ತೋರಿಸಿದ್ದಾರೆ. ತಮ್ಮ ಜಾಹೀರಾತುಗಳನ್ನು ಕಸಿಯುತ್ತಿದ್ದ ರೇಡಿಯೋವನ್ನು ನಂಬಲನರ್ಹವೆಂದು ತೋರಿಸಲು ಪತ್ರಿಕೆಗಳಿಗೆ ಅದೊಂದು ಸುವರ್ಣಾವಕಾಶವಾಗಿತ್ತು. ಸುಳ್ಳು ಸುದ್ದಿಯನ್ನು ಜನ ನಂಬಿದರೆಂಬ ಸುದ್ದಿಯೇ ಬಹುಪಾಲು ಸುಳ್ಳು! “ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು” ಎಂಬ ನಮ್ಮ ಗಾದೆ ಬುದ್ಧಿ ಹೇಳುವವರಿಗೂ ಅನ್ವಯಿಸುತ್ತದೆ.

ನಮ್ಮವರೇ ಕೇಳಿದ ಪ್ರಶ್ನೆ

ಪ್ರಮಾಣಿಸಿ ನೋಡುವ ಕೆಲಸವನ್ನು ಕರ್ನಾಟಕದಲ್ಲಿ ಜೀವನಪರ್ಯಂತ ಮಾಡಿದವರು ಡಾ. ಎಚ್. ನರಸಿಂಹಯ್ಯನವರು. ಗೌರಿಬಿದನೂರು ಬಳಿಯ ಹೊಸೂರಿನ ಬಡ ಕುಟುಂಬದಿಂದ ಬಂದು, ಇದೇ ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಡಾಕ್ಟರೇಟ್ ಪಡೆದು ಊರಿಗೆ ಮರಳಿದವರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಪರೀಕ್ಷಿಸಬಹುದಾದ ಮೂಢನಂಬಿಕೆಗಳನ್ನೂ ಶೋಧಿಸಲು ಸಮಿತಿ ನೇಮಿಸಿದರು. ಅವರ ನಿಲುವುಗಳನ್ನು ಒಪ್ಪದ ಆಸ್ತಿಕರು ಅನೇಕರು. ಆದರೆ ‘ಪ್ರಶ್ನಿಸದೆ ಒಪ್ಪಬೇಡಿ’ ಎಂಬ ಅವರ ಪಾಠ ಆಸ್ತಿಕರಿಗೂ ನಾಸ್ತಿಕರಿಗೂ ಸಮಾನ.

ಆ ಪಾಠ ಎಷ್ಟು ಬೇಕಾಗಿತ್ತೆಂಬುದು 1995ರ ಸೆಪ್ಟೆಂಬರ್ 21ರಂದು ತಿಳಿಯಿತು. ಅಂದು ಬೆಳಿಗ್ಗೆ ದೆಹಲಿಯಲ್ಲಿ ಗಣೇಶನ ವಿಗ್ರಹ ಹಾಲು ಕುಡಿಯಿತೆಂಬ ಸುದ್ದಿ ಹುಟ್ಟಿ, ಸಂಜೆಯೊಳಗೆ ಲಂಡನ್ನಿನ ಸೌತಾಲ್, ಅಮೆರಿಕ, ಕೆನಡಾಗಳ ದೇವಾಲಯಗಳನ್ನು ಮುಟ್ಟಿತ್ತು. ಆಗ ಸೆಲ್‌ಫೋನ್ ಅಪರೂಪ, ವಾಟ್ಸಾಪ್ ಇಲ್ಲ. ಎಸ್.ಟಿ.ಡಿ., ಐ.ಎಸ್.ಡಿ. ಕರೆಗಳೇ ಅದನ್ನು ಹೊತ್ತವು. ದೆಹಲಿಯ ವಿಜ್ಞಾನಿಗಳು ಹಾಲಿಗೆ ಬಣ್ಣ ಬೆರೆಸಿ ನೋಡಿದಾಗ, ಚಮಚದಿಂದ ಮೇಲೇರಿದ ಹಾಲು ತೆಳುವಾದ ಪದರವಾಗಿ ವಿಗ್ರಹದ ಮೇಲೆಯೇ ಇಳಿಯುವುದು ಕಂಡಿತು. ದ್ರವದ ಮೇಲ್ಮೈ ಸೆಳೆತ ಎಂದು ವಿವರಿಸಿದರು. ಭಕ್ತಿಯನ್ನು ಯಾರೂ ಅಲ್ಲಗಳೆಯುತ್ತಿಲ್ಲ. ವಿಘ್ನೇಶ್ವರನ ಮೇಲಿನ ಭಕ್ತಿಗೆ ಹಾಲಿನ ಪುರಾವೆ ಬೇಕಾಗಿಯೂ ಇಲ್ಲ. ಇಲ್ಲಿ ಗಮನಿಸಬೇಕಾದುದು ಇಷ್ಟೇ: ಅಂದು ಸುದ್ದಿಯನ್ನು ಸಾಗರ ದಾಟಿಸಿದವರು ಪರದೇಶದಲ್ಲಿದ್ದ ನಮ್ಮಂಥವರು ಮತ್ತು ಊರಿನಲ್ಲಿದ್ದ ನಮ್ಮ ಬಂಧುಗಳು. ಫೋನಿನಲ್ಲಿ ಅಣ್ಣನ ದನಿ ಕೇಳಿದರೆ ಅಣ್ಣನ ಮೇಲಿನ ನಂಬಿಕೆಯೆಲ್ಲ ಸುದ್ದಿಯ ಖಾತೆಗೆ ಜಮೆಯಾಗಿಬಿಡುತ್ತದೆ.

ಅದೇ ತೊಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲೂ ರಾಜ್ಯದ ಇತರೆಡೆಗಳಲ್ಲೂ ಮನೆ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದದ್ದನ್ನು ಬಲ್ಲವರು ನಮ್ಮಲ್ಲಿ ಅನೇಕರಿದ್ದಾರೆ. ರಾತ್ರಿ ಹೊತ್ತು ಹೆಣ್ಣು ದೆವ್ವವೊಂದು ಮನೆಯವರ ದನಿಯಲ್ಲೇ ಕೂಗುತ್ತದಂತೆ, ಬಾಗಿಲು ತೆರೆದರೆ ಮುಗಿಯಿತಂತೆ, ‘ನಾಳೆ ಬಾ’ ಎಂಬುದನ್ನು ಓದಿಕೊಂಡು ಹಿಂತಿರುಗುತ್ತದಂತೆ! ದೆವ್ವಕ್ಕೂ ಕನ್ನಡ ಓದಲು ಬರುತ್ತಿತ್ತು ಎಂದು ನಗಬಹುದು. 2018ರಲ್ಲಿ ‘ಸ್ತ್ರೀ’ ಎಂಬ ಹಿಂದಿ ಚಲನಚಿತ್ರವೂ ಈ ನಂಬಿಕೆಯನ್ನು ಬಳಸಿಕೊಂಡಿತು. ಸುಣ್ಣ, ಇದ್ದಿಲು ಬಿಟ್ಟರೆ ಇದರಿಂದ ಯಾರಿಗೂ ನಷ್ಟವಾಗಲಿಲ್ಲ. ಮುಂದೆ ಬಂದ ಸುದ್ದಿಗಳು ಅಷ್ಟು ಸಾಧುವಾಗಿರಲಿಲ್ಲ.

ನಗಲಾಗದ ಸುದ್ದಿಗಳು

2012ರ ಜುಲೈನಲ್ಲಿ ಅಸ್ಸಾಮಿನ ಕೊಕ್ರಝಾರ್ ಕಡೆ ಗಲಭೆಗಳಾದವು. ಆ ಹೊತ್ತಿನಲ್ಲಿ ಹರಿದಾಡಿದ ಚಿತ್ರಗಳಲ್ಲೊಂದು ಹೆಣಗಳ ನಡುವೆ ನಿಂತ ಬೌದ್ಧ ಭಿಕ್ಷುಗಳದು. ಮ್ಯಾನ್ಮಾರಿನ ಹತ್ಯಾಕಾಂಡವೆಂದು ಅದನ್ನು ಹಂಚಿದರು. ವಾಸ್ತವವಾಗಿ ಅದು 2010ರಲ್ಲಿ ಟಿಬೆಟನ್ನರ ನೆಲೆಯಾದ ಯೂಶುವಿನಲ್ಲಿ ಭೂಕಂಪವಾದಾಗ ಸತ್ತವರ ಸಂಸ್ಕಾರಕ್ಕೆ ಬಂದಿದ್ದ ಭಿಕ್ಷುಗಳ ಚಿತ್ರ! ಚಿತ್ರ ನಿಜ, ಅಡಿಬರಹ ಸುಳ್ಳು. ಆಗಸ್ಟ್ ಮಧ್ಯದ ಹೊತ್ತಿಗೆ ಬೆಂಗಳೂರಿನಲ್ಲಿದ್ದ ಈಶಾನ್ಯ ರಾಜ್ಯದವರ ಮೇಲೆ ದಾಳಿಯಾಗಲಿದೆಯೆಂದು ಎಸ್ಸೆಮ್ಮೆಸ್‌ಗಳು ಹರಡಿದವು. ಕಾವಲುಗಾರರು, ಹೋಟೆಲ್ ನೌಕರರು, ವಿದ್ಯಾರ್ಥಿಗಳು ಸಾವಿರಾರು ಸಂಖ್ಯೆಯಲ್ಲಿ ಗಂಟುಮೂಟೆ ಹೊತ್ತು ರೈಲು ನಿಲ್ದಾಣಕ್ಕೆ ಬಂದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಕೇಂದ್ರ ಸರ್ಕಾರ ಹದಿನೈದು ದಿನ ಒಮ್ಮೆಗೆ ಐದಕ್ಕಿಂತ ಹೆಚ್ಚು ಮಂದಿಗೆ ಎಸ್ಸೆಮ್ಮೆಸ್ ಕಳಿಸದಂತೆ ನಿರ್ಬಂಧ ಹೇರಿತು.

ಆರು ವರ್ಷಗಳ ನಂತರ ಬಂದದ್ದು ಮಕ್ಕಳ ಕಳ್ಳರ ಸುದ್ದಿ. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೋ ಒಂದು ದೇಶದ ತುಂಬ ಓಡಾಡಿತು. ಅದು ಕರಾಚಿಯ ಒಂದು ಮಕ್ಕಳ ರಕ್ಷಣಾ ಸಂಸ್ಥೆಗಾಗಿ ತಯಾರಿಸಿದ ಜಾಗೃತಿಯ ಚಿತ್ರ. ಮೂಲದಲ್ಲಿ ಅವರು ಮಗುವನ್ನು ಮರಳಿ ಬಿಟ್ಟು, ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಯಾರೋ ಆ ಕೊನೆಯ ಭಾಗವನ್ನು ಕತ್ತರಿಸಿಬಿಟ್ಟಿದ್ದರು. ಸುಳ್ಳು ಹೇಳಲು ಒಂದಕ್ಷರವನ್ನೂ ಸೇರಿಸಬೇಕಾಗಿರಲಿಲ್ಲ, ಕೆಲವು ಕ್ಷಣಗಳನ್ನು ತೆಗೆದುಹಾಕಿದರೆ ಸಾಕಾಯಿತು. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಕೂಲಿಗೆ ಬಂದಿದ್ದ ಯುವಕನೊಬ್ಬನನ್ನು ಗುಂಪು ಹೊಡೆದು ಕೊಂದಿತು.

ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ನಡೆದುದನ್ನಂತೂ ಪರದೇಶದಲ್ಲಿರುವ ನಾವು ಎರಡು ಬಾರಿ ಓದಬೇಕು. ಹೈದರಾಬಾದಿನಿಂದ ಕಾರಿನಲ್ಲಿ ಬಂದಿದ್ದ ಗೆಳೆಯರ ಗುಂಪಿನಲ್ಲಿ ಕತಾರಿನಿಂದ ಬಂದವರೊಬ್ಬರಿದ್ದರು. ದಾರಿಯಲ್ಲಿ ಶಾಲೆಯ ಮಕ್ಕಳನ್ನು ಕಂಡು, ತಂದಿದ್ದ ಚಾಕೊಲೇಟ್ ಹಂಚಿದರು. ಅಷ್ಟೇ. ಮಕ್ಕಳ ಕಳ್ಳರೆಂದು ಕೂಗೆದ್ದಿತು. ಅವರು ಕಾರು ಹತ್ತಿ ಹೊರಟರೆ, ಅವರಿಗಿಂತ ಮೊದಲೇ ವಾಟ್ಸಾಪ್ ಸಂದೇಶ ಮುಂದಿನ ಊರು ತಲುಪಿತ್ತು. ಅಲ್ಲಿ ರಸ್ತೆಗೆ ಅಡ್ಡ ಹಾಕಿದರು, ಕಾರು ಮಗುಚಿತು, ಜನ ಮುತ್ತಿದರು. ಒಬ್ಬ ತರುಣ ಇಂಜಿನಿಯರ್ ಪ್ರಾಣ ಬಿಟ್ಟ. ಉಳಿದವರಿಗೆ ತೀವ್ರ ಗಾಯಗಳಾದವು, ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟು ಬಿತ್ತು. ಊರಿಗೆ ಹೋಗುವಾಗ ಚಾಕೊಲೇಟ್ ತುಂಬದ ಸೂಟ್‌ಕೇಸು ನಮ್ಮಲ್ಲಿ ಯಾರದ್ದಿದೆ ಹೇಳಿ?

ಆ ತಿಂಗಳೇ ವಾಟ್ಸಾಪ್ ಸಂಸ್ಥೆ ಭಾರತದಲ್ಲಿ ಒಮ್ಮೆಗೆ ಐದು ಕಡೆಗೆ ಮಾತ್ರ ಸಂದೇಶ ದಾಟಿಸುವ ಮಿತಿ ತಂದಿತು, ದಾಟಿಸಿದ ಸಂದೇಶದ ನೆತ್ತಿಯ ಮೇಲೆ ‘ಫಾರ್ವರ್ಡೆಡ್’ ಎಂಬ ಗುರುತನ್ನೂ ಇಟ್ಟಿತು. 2019ರಲ್ಲಿ ಆ ಮಿತಿ ಜಗತ್ತಿಗೆಲ್ಲ ಬಂತು. ಆ ಗುರುತು ಬೇರೇನೂ ಅಲ್ಲ, ನಮ್ಮ ಹಳೆಯ ‘ಅಂತೆ’ಯೇ! ಕಳೆದುಕೊಂಡ ಎರಡಕ್ಷರವನ್ನು ಯಂತ್ರಕ್ಕೆ ಕಲಿಸಲು ಇಷ್ಟು ಪ್ರಾಣಗಳನ್ನು ತೆರಬೇಕಾಯಿತು. ಮಿತಿ ಐದೇ ಇರಲಿ, ಐದರ ಲೆಕ್ಕ ಚಪಾತಿಯ ಕಾಲದಲ್ಲೇ ನೋಡಿದ್ದೇವೆ.

ನಾವೇನು ಮಾಡಬಹುದು?

ಈಗ ಇನ್ನೊಂದು ಘಟ್ಟ ಬಂದಿದೆ. ಯಂತ್ರಗಳು ಯಾರ ದನಿಯನ್ನು ಬೇಕಾದರೂ ಅನುಕರಿಸಬಲ್ಲವು. 2024ರ ಜನವರಿಯಲ್ಲಿ ನ್ಯೂ ಹ್ಯಾಂಪ್‌ಶೈರಿನ ಮತದಾರರಿಗೆ ಆಗಿನ ಅಧ್ಯಕ್ಷ ಬೈಡನ್ನರ ದನಿಯಲ್ಲಿ, ಪ್ರಾಥಮಿಕ ಚುನಾವಣೆಯಲ್ಲಿ ಮತ ಹಾಕಬೇಡಿ ಎಂಬ ನಕಲಿ ಕರೆಗಳು ಹೋದವು. ಮೊಮ್ಮಗನ ದನಿಯಲ್ಲಿ ಅತ್ತು ಹಣ ಕೇಳುವ ಕರೆಗಳ ಬಗ್ಗೆ ಇಲ್ಲಿನ ಸರ್ಕಾರ 2023ರಲ್ಲೇ ಎಚ್ಚರಿಸಿದೆ. ಊರಿನಲ್ಲಿ ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸಿ, ಒಂಟಿಯಾಗಿರುವ ಹಿರಿಯರ ಉಳಿತಾಯ ದೋಚುವ ದಂಧೆಯ ಬಗ್ಗೆ 2024ರ ಅಕ್ಟೋಬರಿನಲ್ಲಿ ಪ್ರಧಾನಿಯವರೇ ಬಾನುಲಿಯಲ್ಲಿ ಎಚ್ಚರಿಕೆ ಹೇಳಬೇಕಾಯಿತು. ಆ ಹೆಸರಿನ ಬಂಧನ ಯಾವ ಕಾನೂನಿನಲ್ಲೂ ಇಲ್ಲ. ಮಕ್ಕಳು ಪರದೇಶದಲ್ಲಿರುವ ತಂದೆ-ತಾಯಿಗಳು ಇಂಥವರ ಕಣ್ಣಿಗೆ ಮೊದಲು ಬೀಳುವವರು ಎಂಬುದನ್ನು ಯೋಚಿಸಿದರೆ ಎದೆ ಝಲ್ಲೆನ್ನುತ್ತದೆ.

ಮನೆಯವರ ದನಿಯಲ್ಲಿ ಕೂಗುವ ದೆವ್ವ ಕೊನೆಗೂ ಬಂದೇಬಿಟ್ಟಿದೆ. ಅದಕ್ಕೆ ಮದ್ದೂ ಹಳೆಯದೇ, ‘ನಾಳೆ ಬಾ’. ಅವಸರಪಡಿಸುವ ಸಂದೇಶ, ಹೆದರಿಸುವ ಕರೆ, ರಕ್ತ ಕುದಿಸುವ ಚಿತ್ರ ಯಾವುದೇ ಬಂದರೂ ಒಂದು ದಿನ ತಡೆಯೋಣ. ಕರೆ ಬಂದರೆ ಫೋನು ಇಟ್ಟು, ನಮಗೆ ತಿಳಿದ ನಂಬರಿಗೆ ನಾವೇ ತಿರುಗಿ ಮಾಡೋಣ. ಇದನ್ನು ಮೊದಲು ಹೇಳಿದವರು ಯಾರು, ಯಾವಾಗಿನದು, ಎಲ್ಲಿಯದು, ಇದರ ತಲೆಯೋ ಬಾಲವೋ ಕತ್ತರಿಸಿದೆಯೇ ಎಂದು ಕೇಳೋಣ. ಚಿತ್ರವನ್ನೇ ಕೊಟ್ಟು ಅದರ ಮೂಲ ಹುಡುಕುವ ಸೌಲಭ್ಯ ಗೂಗಲ್ಲಿನಲ್ಲಿದೆ, ಅದನ್ನು ಮನೆಯ ಹಿರಿಯರಿಗೆ ತೋರಿಸಿಕೊಡೋಣ. “ಅಮೆರಿಕದಿಂದ ಮಗ ಕಳಿಸಿದ್ದು” ಎಂದರೆ ಊರಿನಲ್ಲಿ ಅದಕ್ಕೆ ಬೇರೆಯೇ ತೂಕ. ಇಲ್ಲಿ ಕುಳಿತು ಗುಂಡಿ ಒತ್ತಿದವರಿಗೆ ಅಲ್ಲಿ ಹತ್ತುವ ಬೆಂಕಿಯ ಬಿಸಿ ತಟ್ಟುವುದಿಲ್ಲ. ಆದುದರಿಂದ ನಮ್ಮ ಹೊಣೆ ದೊಡ್ಡದು.

ಕೇರಳದ ಕಣ್ಣೂರು ಜಿಲ್ಲೆಯಲ್ಲಿ, 2017ರಲ್ಲಿ ಲಸಿಕೆಯ ಬಗ್ಗೆ ಹಬ್ಬಿದ ಸುಳ್ಳಿನಿಂದ ಎಚ್ಚೆತ್ತ ಜಿಲ್ಲಾಡಳಿತ 150 ಸರ್ಕಾರಿ ಶಾಲೆಗಳಲ್ಲಿ ಸುಳ್ಳು ಸುದ್ದಿ ಗುರುತಿಸುವ ಪಾಠ ಆರಂಭಿಸಿತು. ಅಂಥದ್ದನ್ನು ನಮ್ಮ ಸಂಘದ ಭಾನುವಾರದ ಕನ್ನಡ ತರಗತಿಯಲ್ಲೂ ಮಾಡಬಹುದು. ಇಲ್ಲಿ ಬೆಳೆದ ಮಕ್ಕಳು ಕನ್ನಡ ಮಾತಾಡುವಾಗ ‘ಅಂತೆ’ಯನ್ನು ಬಿಟ್ಟುಬಿಡುತ್ತಾರೆ. “ಅಜ್ಜಿಗೆ ಜ್ವರ ಬಂತಂತೆ” ಎನ್ನುವ ಬದಲು “ಬಂತು” ಎನ್ನುತ್ತಾರೆ. ತಿದ್ದುವಾಗ ಅದು ಬರೀ ವ್ಯಾಕರಣವೆಂದು ಹೇಳಬೇಡಿ. “ನೀನು ಕಂಡೆಯೋ, ಕೇಳಿದೆಯೋ ಮಗು?” ಎಂದು ಕೇಳಿ. ಆ ಪ್ರಶ್ನೆಯನ್ನು ಕನ್ನಡದಲ್ಲಿ ಕಲಿತ ಮಗು ಮುಂದೆ ಯಾವ ಭಾಷೆಯ ಸುದ್ದಿ ಕೇಳಿದರೂ ಅದನ್ನು ಮರೆಯಲಾರದು.